ಬಣ್ಣಕ್ಕೆ ಮುನ್ನ ಬೀಳುವ ಧೂಳು

ಮಳೆ ಹಿಂದೆಗೆದೊಡನೆ ಚಾರ್ಮಾಡಿಯ ಆಸುಪಾಸಿನ ಊರುಗಳಲ್ಲಿ ಮನೆಗಳಿಗೆ ಬಣ್ಣ ಬಳಿಯುವ ಕಾಲ ಬರುತ್ತದೆ. ಮದುವೆ, ಗೃಹಪ್ರವೇಶ, ನೇಮಗಳಿಗೆ ಮುನ್ನ ಮನೆ ಸಿಂಗಾರಗೊಳ್ಳಬೇಕು. ನಾಲ್ಕು ತಿಂಗಳ ಜಡಿಮಳೆಯಲ್ಲಿ ನೆನೆದ ದಾರಂದ, ಕಿಟಕಿ, ಜಗಲಿಯ ಕಂಬಗಳಲ್ಲಿ ಪಾಚಿ, ಬೂಷ್ಟು ಹಿಡಿದಿರುತ್ತದೆ. ಹಳೆಯ ಬಣ್ಣ ಹೊಪ್ಪಳೆಯೆದ್ದು ಕಳಚುತ್ತಿರುತ್ತದೆ. ಅದನ್ನು ಕೆರೆದು, ಉಜ್ಜಿ, ಧೂಳು ಕೊಡವಿ ಹೊಸ ಬಣ್ಣ ಬಳಿಯಲಾಗುತ್ತದೆ. ಕೊಡವಿದ ಆ ಧೂಳು ಎಲ್ಲಿಗೆ ಹೋಯಿತೆಂದು ಕೇಳುವವರು ವಿರಳ.

ಕೇಳಲೇಬೇಕಾದ ಕಾರಣವಿದೆ. ಪೆಟ್ರೋಲಿನಿಂದ ಸೀಸವನ್ನು ಭಾರತ ಹೊರಹಾಕಿದ್ದು 2000ದಲ್ಲಿ. ಮನೆಯ ಬಣ್ಣದ ವಿಷಯದಲ್ಲಿ ಅಂಥ ಕಟ್ಟುಪಾಡು ಬರಲು ಮತ್ತೆ 17 ವರ್ಷ ಹಿಡಿಯಿತು. 2016ರಲ್ಲಿ ರೂಪುಗೊಂಡು 2017ರ ನವೆಂಬರ್ 1ರಿಂದ ಜಾರಿಗೆ ಬಂದ ನಿಯಮದಂತೆ, 10 ಲಕ್ಷ ಭಾಗ ಬಣ್ಣದಲ್ಲಿ ಸೀಸವು 90 ಭಾಗವನ್ನು ಮೀರುವಂತಿಲ್ಲ. ಆದರೆ ಈ ನಿಯಮ ಡಬ್ಬಿಯೊಳಗಿನ ಹೊಸ ಬಣ್ಣಕ್ಕೆ ಮಾತ್ರ. ಅದಕ್ಕೆ ಮೊದಲು ಪದರ ಪದರವಾಗಿ ಬಳಿದ ಹಳದಿ, ಹಸಿರು, ಕೆಂಪು ಎನಾಮೆಲ್ ಇಂದಿಗೂ ಹಳೆಯ ಬಾಗಿಲುಗಳ ಮೇಲಿದೆ. ಎಲ್ಲ ಹಳೆಯ ಬಣ್ಣದಲ್ಲೂ ಸೀಸವಿರುತ್ತದೆಂದಲ್ಲ. ಆದರೆ ಕಣ್ಣಿಗೆ ಅದರ ಗುರುತು ಸಿಗದು. ಆದುದರಿಂದ ಇದೆಯೆಂದೇ ಭಾವಿಸಿ ನಡೆಯುವುದು ವಿವೇಕ.

ಗೋಡೆಗೆ ಅಂಟಿಕೊಂಡಿರುವಷ್ಟು ಕಾಲ ಸೀಸ ಸುಮ್ಮನಿರುತ್ತದೆ. ಒಣ ಸ್ಯಾಂಡ್ ಪೇಪರಿನಿಂದ ಉಜ್ಜಿದಾಗ ಧೂಳಾಗಿಯೂ, ಬೆಂಕಿಯಿಂದ ಸುಟ್ಟು ತೆಗೆದಾಗ ಹೊಗೆಯಾಗಿಯೂ ಅದು ಮೈಯೊಳಗೆ ಇಳಿಯುತ್ತದೆ. ನೆಲದ ಮೇಲೆ ಆಡಿ, ಅದೇ ಕೈಯನ್ನು ಬಾಯಿಗಿಡುವ ಮಗುವಿಗೆ ಅಪಾಯ ಹೆಚ್ಚು. ಹಾನಿ ಮೊದಲು ತಟ್ಟುವುದು ಮಿದುಳಿಗೆ. ಇಷ್ಟರವರೆಗೆ ಸೀಸ ನಿರಪಾಯವೆಂದು ಹೇಳಬಹುದಾದ ಮಟ್ಟವೇ ಇಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಇದೇ ತಾಲೂಕಿನ ಕೊಕ್ಕಡದ ಜನ ಎಂಡೋಸಲ್ಫಾನಿನ ಸಂಕಟ ಉಂಡವರು. ಆ ವಿಷಕ್ಕೆ ಸುಪ್ರೀಂ ಕೋರ್ಟಿನ ತಡೆ ಬಿದ್ದದ್ದು 2011ರಲ್ಲಿ, ಬಾಳುಗಳು ಕೆಟ್ಟ ಮೇಲೆ. ಕಾಣದ ವಿಷಕ್ಕೆ ಕಾಯುತ್ತ ಕೂರಬಾರದೆಂಬ ಪಾಠಕ್ಕೆ ದೂರ ಹೋಗಬೇಕಾಗಿಲ್ಲ.

ಅಂಗಳದಲ್ಲಿ ಬಿದ್ದ ಧೂಳು ಅಂಗಳದಲ್ಲೇ ಉಳಿಯುವುದೂ ಇಲ್ಲ. ಮುಂದಿನ ಮಳೆ ಅದನ್ನು ತೋಟಕ್ಕೆ, ತೋಡಿಗೆ, ಮೃತ್ಯುಂಜಯ ಹೊಳೆಗೆ ಒಯ್ಯುತ್ತದೆ, ಅಲ್ಲಿಂದ ನೇತ್ರಾವತಿಗೆ. ತುಂಬೆಯ ಅಣೆಕಟ್ಟಿನಲ್ಲಿ ಮಂಗಳೂರು ಕುಡಿಯುವ ನೀರು ಎತ್ತುವುದು ಅದೇ ನದಿಯಿಂದ. ಸೀಸ ಕೊಳೆಯುವ ವಸ್ತುವಲ್ಲ, ಕರಗಿ ಇಲ್ಲವಾಗುವುದೂ ಇಲ್ಲ.

ಪರಿಹಾರ ಕಠಿಣವಲ್ಲ. ಮೊದಲು ಪಾಚಿಯನ್ನು ಸಾಬೂನು ನೀರು, ತೆಂಗಿನ ನಾರಿನಿಂದ ಮೆಲ್ಲಗೆ ತೊಳೆಯಬೇಕು. ಕೆಳಗೆ ಟಾರ್ಪಾಲು ಹಾಸಿ, ಮಕ್ಕಳನ್ನು ದೂರವಿರಿಸಿ, ನೀರು ಚಿಮುಕಿಸಿ, ಸಡಿಲವಾದ ಬಣ್ಣವನ್ನಷ್ಟೇ ಕೆರೆಯಬೇಕು. ಗಟ್ಟಿಯಾಗಿ ಹಿಡಿದಿರುವುದನ್ನು ಕೀಳುವ ಅಗತ್ಯವಿಲ್ಲ. ಅಂಚುಗಳನ್ನು ವಾಟರ್ ಪೇಪರಿನಿಂದ ಒದ್ದೆಯಾಗಿಯೇ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಬೇಕು. ಸಿಪ್ಪೆಯನ್ನು ಸುಡದೆ, ತೋಟಕ್ಕೆ ಎಸೆಯದೆ, ಮುಚ್ಚಳವಿರುವ ಡಬ್ಬದಲ್ಲಿ ಕಟ್ಟಿಡಬೇಕು. ಬಳಿಕ ಮರ ಚೆನ್ನಾಗಿ ಒಣಗುವವರೆಗೆ ತಾಳ್ಮೆ ಬೇಕು. ದೀಪಾವಳಿಗೆ ಮುಗಿಯಲೇಬೇಕೆಂಬ ಅವಸರದಲ್ಲಿ ಹಸಿ ಮರಕ್ಕೆ ಬಳಿದ ಬಣ್ಣದೊಳಗೆ ತೇವ ಸಿಕ್ಕಿಕೊಳ್ಳುತ್ತದೆ. ಬಣ್ಣ ಬೇಗನೆ ಹೊಪ್ಪಳೆಯೇಳುತ್ತದೆ, ಮರಕ್ಕೆ ಲಡ್ಡು ಹಿಡಿಯುತ್ತದೆ. ಮತ್ತೆ ಕೆರೆತ, ಮತ್ತೆ ಧೂಳು. ಕೊನೆಗೆ ಹೊಸ ದಾರಂದಕ್ಕಾಗಿ ಇನ್ನೊಂದು ಮರ.

ಒದ್ದೆ ಕೆಲಸ ನಿಧಾನ, ಸಂಬಳ ಹೆಚ್ಚು ಬೀಳುತ್ತದೆ ಎಂಬ ಆಕ್ಷೇಪ ನಿಜವೇ. ಆದರೆ ಧೂಳನ್ನು ಮೊದಲು ಉಸಿರಾಡುವವನು ಕೆಲಸಗಾರ; ಅಂಗಿಗೆ ಅಂಟಿದ್ದನ್ನು ತನ್ನ ಮಕ್ಕಳ ಬಳಿಗೂ ಒಯ್ಯುವವನು ಅವನೇ. ಒಂದು ದಿನದ ಹೆಚ್ಚುವರಿ ಸಂಬಳ ಮನೆಯ ಯಜಮಾನ ಹೊರಬೇಕಾದ ಹೊಣೆಯೇ ಹೊರತು ಕೆಲಸಗಾರನ ಶ್ವಾಸಕೋಶದಿಂದ ಉಳಿಸಬೇಕಾದ ಹಣವಲ್ಲ.

ಸರಕಾರದ ಹೊಣೆಯೂ ಇದೆ. ಖಾಲಿ ಪೇಂಟ್ ಡಬ್ಬ ಅಪಾಯಕಾರಿ ಗೃಹತ್ಯಾಜ್ಯವೆಂದು 2016ರ ಘನತ್ಯಾಜ್ಯ ನಿಯಮಗಳೇ ಹೆಸರಿಸಿದ್ದವು. ಡಬ್ಬಕ್ಕಿರುವ ಅಪಾಯ ಕೆರೆದ ಸಿಪ್ಪೆಗೆ ಇಲ್ಲವೇ? ಅದನ್ನು ಪಡೆದು ಸುರಕ್ಷಿತವಾಗಿ ಸಾಗಿಸುವ ವ್ಯವಸ್ಥೆಯನ್ನು ಪ್ರತಿ ಗ್ರಾಮ ಪಂಚಾಯತ್ ಮಾಡಬೇಕು. ಶಾಲೆ, ಅಂಗನವಾಡಿಗಳ ದುರಸ್ತಿಯ ಗುತ್ತಿಗೆಯಲ್ಲಿ ಒಣ ಉಜ್ಜುವಿಕೆಯನ್ನು ನಿಷೇಧಿಸುವ ಒಂದು ಸಾಲು ಸೇರಬೇಕು. ಮುಂದಿನ ಗ್ರಾಮಸಭೆಯಲ್ಲಿ ಈ ಎರಡು ಬೇಡಿಕೆಗಳು ಏಳಲಿ. ಬಾಗಿಲಿನ ಅಂದಕ್ಕಾಗಿ ಬಾಗಿಲಲ್ಲಿ ಆಡುವ ಮಗು ಬೆಲೆ ತೆರುವಂತಾಗಬಾರದು.