ಮೊದಲ ಮಾತು ಕುಲದ್ದಾಗದಿರಲಿ



ಕಾಯಕದ ತಾಣದಲ್ಲಿ ಹೊಸಬರು ಎದುರಾದಾಗ ಆಡುವ ಮೊದಲ ಮಾತು ಚಿಕ್ಕದು. ಅದರ ಫಲ ಚಿಕ್ಕದಲ್ಲ. ನಮ್ಮ ಕಡೆಯಲ್ಲಿ ಆ ಮಾತು "ಯಾವ ಊರು?" ಎಂದು ತೊಡಗಿ "ಯಾರ ಪೈಕಿ?" ಎಂಬಲ್ಲಿಗೆ ಮುಟ್ಟುತ್ತದೆ. ಕೇಳುವವರಿಗೆ ಅದು ಪರಿಚಯ. ಉತ್ತರಿಸುವವರಿಗೆ ಅನೇಕ ವೇಳೆ ಪರೀಕ್ಷೆ. ತೆರೆಯಬೇಕಾದ ಬಾಗಿಲನ್ನು ಆ ಪ್ರಶ್ನೆಯೇ ಮುಚ್ಚಿಬಿಡುತ್ತದೆ.

ಈ ಮಾತಿಗೆ ನಂಜನಗೂಡು ತಾಲ್ಲೂಕಿನ ಬದನವಾಳು ಸಾಕ್ಷಿಯಾಗಿದೆ. ಖಾದಿ ಕೇಂದ್ರದಿಂದ ಹೆಸರಾದ ಈ ಗ್ರಾಮಕ್ಕೆ ಮಹಾತ್ಮ ಗಾಂಧಿಯವರು 1927ರಲ್ಲಿ ಬಂದಿದ್ದರು. ನೂಲುವ ಕಾಯಕದ ಸ್ವಭಾವವನ್ನು ಗಮನಿಸಿ. ಸಾಲಾಗಿ ಕುಳಿತವರಲ್ಲಿ ಒಬ್ಬರ ಎಳೆ ಕಡಿದರೆ ಪಕ್ಕದವರ ಕೈ ತಾನಾಗಿ ಮುಂದೆ ಬರುತ್ತದೆ. "ಹಂಜಿ ಒರಟಾಗಿದೆಯೆ? ಕದಿರು ಸರಿಯಿದೆಯೆ?" ಎಂಬಲ್ಲಿಂದ ಮಾತು ಹುಟ್ಟುತ್ತದೆ. ಅಲ್ಲಿ ಕುಲವನ್ನು ಕೇಳುವ ಅಗತ್ಯವೇ ಬೀಳದು.

ಆದರೆ ಇದೇ ಗ್ರಾಮದಲ್ಲಿ 1993ರಲ್ಲಿ ದೇವಾಲಯ ಪ್ರವೇಶದ ವಿವಾದ ಬೆಳೆದು ಮೂವರು ದಲಿತರ ಕೊಲೆಯಾಯಿತು. ಲಿಂಗಾಯತರ ಕೇರಿಯನ್ನೂ ದಲಿತರ ಕೇರಿಯನ್ನೂ ಕೂಡಿಸುತ್ತಿದ್ದ ದಾರಿಯಲ್ಲಿ ಆ ಬಳಿಕ ಜನಸಂಚಾರವೇ ನಿಂತುಹೋಯಿತು. ಈ ಸಂಗತಿಯನ್ನು ನಮ್ಮ ಮನೆಗಳಲ್ಲಿ ಮುಚ್ಚಿಡದೆ ನೆನೆಯಬೇಕು. ಒಂದೇ ಊರಿನಲ್ಲಿ ದುಡಿದ ಮಾತ್ರಕ್ಕೆ ಸಂಬಂಧ ಬೆಳೆಯದು. ಕೆಲಸದ ಮಾತು ಊಟದ ಪಂಕ್ತಿಗೆ, ಮನೆಯ ಅಂಗಳಕ್ಕೆ ಸಾಗದಿದ್ದರೆ ಅದು ಎಂದಾದರೊಂದು ದಿನ ಕಡಿಯುತ್ತದೆ.

2022ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, ಪಾದಯಾತ್ರೆಯಲ್ಲಿ ಬಂದಿದ್ದ ರಾಹುಲ್ ಗಾಂಧಿಯವರ ಸಮ್ಮುಖದಲ್ಲಿ ಆ ದಾರಿ ಹೊಸದಾಗಿ ತೆರೆಯಿತು. ಎರಡೂ ಕೇರಿಯವರು ಸಹಭೋಜನ ಮಾಡಿದರು. ರಾಜಕೀಯವನ್ನು ಬದಿಗಿರಿಸಿ ನೋಡೋಣ. ಹೆಚ್ಚುಕಡಿಮೆ ಮೂವತ್ತು ವರ್ಷಗಳ ಮೌನವನ್ನು ಮುರಿಯಲು ಬೇಕಾದದ್ದು ಒಂದು ದಾರಿ, ಒಂದು ಪಂಕ್ತಿ. ಆ ದಾರಿಯಲ್ಲಿ ನಿತ್ಯವೂ ನಡೆಯುವ ಕೆಲಸ ಮಾತ್ರ ಊರವರದೇ.

ಶರಣರು ಈ ವಿದ್ಯೆಯನ್ನು ಬಲ್ಲವರಾಗಿದ್ದರು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ: ಇವರ ಪರಿಚಯವೆಲ್ಲ ಕಾಯಕದಿಂದಲೇ. ಜಗತ್ತು ಕೀಳೆಂದ ಕಸುಬನ್ನು ಅವರು ಹೆಸರಿನ ಮುಂದೆ ಹೆಮ್ಮೆಯಿಂದ ಧರಿಸಿದರು. ಬಂದವರ ಕ್ಷೇಮವನ್ನು ವಿಚಾರಿಸಿದರೆ ನಮ್ಮ ಸಿರಿಯೇನೂ ಕರಗದೆಂಬ ಭಾವವನ್ನು ಬಸವಣ್ಣನವರು ತಮ್ಮ ವಚನವೊಂದರಲ್ಲಿ ಪ್ರಶ್ನೆಯ ರೂಪದಲ್ಲಿ ಇಟ್ಟಿದ್ದಾರೆ. ಇದಕ್ಕಿಂತ ಸರಳವಾದ ಉಪದೇಶ ಬೇರೊಂದಿಲ್ಲ.

ನಂಜನಗೂಡಿನ ಕಾರ್ಖಾನೆಗಳಿಗೆ, ಮೈಸೂರು, ಬೆಂಗಳೂರುಗಳ ಕಚೇರಿಗಳಿಗೆ ಹೋಗುವ ನಮ್ಮ ಮಕ್ಕಳಿಗೆ ಹಿರಿಯರು ಹೇಳಿಕೊಡಬೇಕಾದದ್ದು ಇಷ್ಟೆ. ಹೊಸಬರಿಗೆ ಕುಡಿಯುವ ನೀರೆಲ್ಲಿದೆ, ಊಟದ ಹೊತ್ತು ಯಾವುದೆಂದು ಕೇಳುವ ಮೊದಲೇ ತಿಳಿಸಿ. ಹೆಸರನ್ನು ಸರಿಯಾಗಿ ಕೇಳಿಕೊಳ್ಳಿ. ಆ ಹೆಸರಿನಲ್ಲಿ ಕುಲವನ್ನು ಹುಡುಕಬೇಡಿ. "ಇದನ್ನು ನನಗೂ ಕಲಿಸಿಕೊಡುವಿರಾ?" ಎಂದು ವಿನಯದಿಂದ ಕೇಳಿ, ಕಲಿಸುವವರಿಗೆ ಗೌರವ ಸಲ್ಲುತ್ತದೆ, ಕಲಿಯುವವರ ಅಹಂಕಾರ ಇಳಿಯುತ್ತದೆ. ಅವರ ಮನೆಯಲ್ಲಿ ಯಾರಿಗಾದರೂ ಕಾಯಿಲೆಯೆಂದು ತಿಳಿದರೆ ಮರುದಿನ ಮರೆಯದೆ ವಿಚಾರಿಸಿ. ಬರಿಯ ಉಪಚಾರದ ಮಾತಿಗೂ ಅಂತಃಕರಣದ ಮಾತಿಗೂ ವ್ಯತ್ಯಾಸ ತಿಳಿಯುವುದು ಆ ಮರುದಿನವೇ.

ಬುತ್ತಿ ಬಿಚ್ಚುವಾಗ ಬೇರೆ ಮೂಲೆ ಹುಡುಕಬೇಡಿ. ಸಸ್ಯಾಹಾರದ ನಿಯಮವುಳ್ಳವರು ನಿಯಮವನ್ನು ಬಿಡದೆಯೇ ಎಲ್ಲರೊಡನೆ ಕೂರಬಹುದು. ನಿಯಮ ತಟ್ಟೆಯಲ್ಲಿರುವುದಕ್ಕೆ ಸಂಬಂಧಿಸಿದ್ದು, ಪಕ್ಕದಲ್ಲಿ ಕುಳಿತ ಮನುಷ್ಯನಿಗಲ್ಲ.

ಎದುರಿಗಿರುವ ಜೀವದಲ್ಲಿ ಶಿವನನ್ನು ಕಂಡೇ ನಾವು "ಶರಣು" ಎನ್ನುವುದು. ಮನೆಯೊಳಗೆ, ಮಠದೊಳಗೆ ಆಡುವ ಆ ಮಾತು ಕಾರ್ಖಾನೆಯ ಬಾಗಿಲಲ್ಲಿಯೂ ನಮ್ಮ ಮಕ್ಕಳ ಬಾಯಲ್ಲಿ ಬರಲಿ. ಎದುರಿಗಿರುವವರು ಯಾರೆಂದು ವಿಚಾರಿಸುವ ಮೊದಲೇ ಬರಲಿ.