ಮೆಗಾಪಿಕ್ಸೆಲ್ ಎಣಿಸಿದೆ, ಲೆನ್ಸ್ ನೋಡಲಿಲ್ಲ

ಕಳೆದ ವರ್ಷ ಕಬ್ಬಿನ ಬಿಲ್ ಬಂದಾಗ ಅಪ್ಪ ಹೊಸ ಫೋನ್ ಕೊಡಿಸಿದರು. ಚಿಕ್ಕೋಡಿಯ ಅಂಗಡಿಯಲ್ಲಿ ನಾನು ಕೇಳಿದ್ದು ಒಂದೇ ಪ್ರಶ್ನೆ: ‘ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್?’ 200 ಅಂದರು. ಮತ್ತೇನನ್ನೂ ನೋಡದೆ ತಗೊಂಡೆ.

ಕೆಲವೇ ದಿನಗಳಲ್ಲಿ ಅಥಣಿಯಲ್ಲಿ ಕಾಕಾನ ಮಗಳ ನಿಶ್ಚಿತಾರ್ಥ. ‘ಫೋಟೋಗ್ರಾಫರ್ ಯಾಕ, ನಾನ ತೆಗೀತೀನಿ’ ಎಂದು ಜಂಬ ಕೊಚ್ಚಿದೆ. ಸಂಜೆ ಹೊತ್ತು, ಮಂದ ಬೆಳಕು. ಪರದೆಯ ಮೇಲೆ ಚೆಂದ ಕಂಡ ಫೋಟೋಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿದಾಗ ಅಜ್ಜಿಯ ಮುಖ ಕಲೆಸಿದ ಬಣ್ಣದಂತಿತ್ತು. ‘ಇನ್ನೂರು ಅದಾವ ಅಂದಿದ್ದೆಲ್ಲೋ, ಮತ್ತ ಮಬ್ಬ್ಯಾಕ ಬಂತು?’ ಎಂದು ಕಾಕಾ ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಮದುವೆಗೆ ಮುಂಚೆಯೇ ಅಜ್ಜಿ ತೀರಿಕೊಂಡರು.

ಉತ್ತರ ನಾನು ಮೊದಲ ವರ್ಷದ ಭೌತಶಾಸ್ತ್ರದಲ್ಲಿ ಓದಿದ್ದೇ ಆಗಿತ್ತು. ಬೆಳಕು ಸಣ್ಣ ರಂಧ್ರದ ಮೂಲಕ ಹಾಯುವಾಗ ಹರಡಿಕೊಳ್ಳುತ್ತದೆ. ಹಾಗಾಗಿ ಎಂಥ ಒಳ್ಳೆಯ ಲೆನ್ಸ್ ಆದರೂ ಒಂದು ಬಿಂದುವನ್ನು ಬಿಂದುವಾಗಿ ಮೂಡಿಸುವುದಿಲ್ಲ, ಪುಟ್ಟ ಚುಕ್ಕೆಯಾಗಿ ಮೂಡಿಸುತ್ತದೆ. ಎಫ್/1.8 ಲೆನ್ಸ್‌ನಲ್ಲಿ ಹಸಿರು ಬೆಳಕಿನ ಚುಕ್ಕೆಯ ಅಗಲ ಸುಮಾರು 2.4 ಮೈಕ್ರಾನ್. 200 ಮೆಗಾಪಿಕ್ಸೆಲ್ ಫೋನಿನ ಒಂದು ಪಿಕ್ಸೆಲ್ ಸುಮಾರು 0.6 ಮೈಕ್ರಾನ್. ಅಂದರೆ ಒಂದೇ ಚುಕ್ಕೆ ನಾಲ್ಕು ಪಿಕ್ಸೆಲ್ ಅಗಲಕ್ಕೆ ಹರಡುತ್ತದೆ. ಅಕ್ಕಿ ಅಷ್ಟೇ ಇದ್ದು ಬಟ್ಟಲುಗಳನ್ನು ಮಾತ್ರ ಹೆಚ್ಚಿಸಿದಂತೆ ಇದು. ಕಂಪನಿಗಳಿಗೂ ಇದು ಗೊತ್ತು. ಅದಕ್ಕೇ ಇಂಥ ಫೋನ್‌ಗಳು ಸಾಮಾನ್ಯವಾಗಿ 16 ಪಿಕ್ಸೆಲ್‌ಗಳನ್ನು ಒಂದಾಗಿ ಸೇರಿಸಿ 12.5 ಮೆಗಾಪಿಕ್ಸೆಲ್ ಫೋಟೋ ಕೊಡುತ್ತವೆ.

ಅಜ್ಜಿಯ ಇನ್ನೊಂದು ಫೋಟೋ ಸಿಕ್ಕಿದ್ದು ನಿಪ್ಪಾಣಿಯ ಸ್ಟುಡಿಯೊವೊಂದರಲ್ಲಿ. ಹಿಂದೆ ನಮ್ಮ ಮನೆಯ ಮದುವೆಯಲ್ಲಿ ತೆಗೆದದ್ದು. ಮೂಗುತಿಯ ಹರಳೂ ಎಣಿಸುವಷ್ಟು ಸ್ಪಷ್ಟ. ಕ್ಯಾಮೆರಾ ಬರೀ 12 ಮೆಗಾಪಿಕ್ಸೆಲ್! ಆದರೆ ಅದರ ಸೆನ್ಸರ್ 36×24 ಮಿ.ಮೀ., ವಿಸ್ತೀರ್ಣದಲ್ಲಿ ನನ್ನ ಫೋನಿನದಕ್ಕಿಂತ ಸುಮಾರು 12 ಪಟ್ಟು. ಒಂದೊಂದು ಪಿಕ್ಸೆಲ್ 8 ಮೈಕ್ರಾನ್‌ಗೂ ದೊಡ್ಡದು. ಮಂದ ಬೆಳಕಿನಲ್ಲೂ ಅದಕ್ಕೆ ಸಾಕಷ್ಟು ಬೆಳಕು ಸಿಗುತ್ತದೆ. 12×8 ಇಂಚಿನ ಪ್ರಿಂಟ್‌ಗೆ, ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ, ಬೇಕಾಗುವುದು 8.64 ಮೆಗಾಪಿಕ್ಸೆಲ್ ಅಷ್ಟೇ. ಸ್ಟುಡಿಯೊದವರು ನನ್ನ ಫೋನ್ ಹಿಡಿದು ಮೊದಲು ಮಾಡಿದ್ದೇನು ಗೊತ್ತೇ? ಕರವಸ್ತ್ರದಿಂದ ಲೆನ್ಸ್ ಒರೆಸಿದರು. ‘ಬೆರಳಿನ ಜಿಡ್ಡು ನೋಡಪಾ’ ಎಂದರು.

ಹಬಲ್ ದೂರದರ್ಶಕದ ಕಥೆಯೂ ಇದೇ. 1990ರಲ್ಲಿ ಅದು ಕಳಿಸಿದ ಚಿತ್ರಗಳು ಮಸುಕಾಗಿದ್ದವು. 2.4 ಮೀಟರ್ ಕನ್ನಡಿಯ ಅಂಚು ಸುಮಾರು 2 ಮೈಕ್ರಾನ್‌ನಷ್ಟು ತಪ್ಪಾಗಿ ಉಜ್ಜಿತ್ತು. 1993ರ ಡಿಸೆಂಬರ್‌ನಲ್ಲಿ ಗಗನಯಾತ್ರಿಗಳು ಹೋಗಿ ಆ ದೋಷವನ್ನು ಸರಿದೂಗಿಸುವ ಉಪಕರಣಗಳನ್ನು ಜೋಡಿಸಿದ ಮೇಲಷ್ಟೇ ಚಿತ್ರಗಳು ಸ್ಪಷ್ಟವಾದವು. ಕನ್ನಡಿಯೇ ಕಳೆದುಕೊಂಡ ವಿವರವನ್ನು ಯಾವ ಸೆನ್ಸರ್ ಮರಳಿ ತಂದೀತು?

ಪಿಕ್ಸೆಲ್ ಪೂರ್ತಿ ವ್ಯರ್ಥ ಎನ್ನುತ್ತಿಲ್ಲ. ಒಳ್ಳೆಯ ಬಿಸಿಲಿನಲ್ಲಿ, ಒಳ್ಳೆಯ ಲೆನ್ಸ್ ಇದ್ದರೆ, ಫೋಟೋ ಕತ್ತರಿಸಿ ಬಳಸಲು ಹೆಚ್ಚು ಪಿಕ್ಸೆಲ್ ನೆರವಾಗುತ್ತವೆ. ನನ್ನ ತಕರಾರು ಅದೊಂದೇ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಮಾರುವುದರ ಬಗ್ಗೆ, ನಾವು ಅದನ್ನೇ ನಂಬುವುದರ ಬಗ್ಗೆ. ರಾಯಬಾಗ, ಕಾಗವಾಡದ ಕಡೆಯ ನನ್ನ ಗೆಳೆಯರಲ್ಲಿ ಕೆಲವರು ನೌಕರಿ ಸಿಗುವವರೆಗೆ ಮದುವೆ ಫೋಟೋ ತೆಗೆದು ದುಡಿಯೋಣ ಎಂದು ಕಂತಿನ ಮೇಲೆ ಕ್ಯಾಮೆರಾ ತಗೊಳ್ಳಲು ಹೊರಟಿದ್ದಾರೆ. ಅವರಿಗೆ ನನ್ನ ಮಾತು ಇಷ್ಟೇ: ಸೆನ್ಸರ್ ಎಷ್ಟು ದೊಡ್ಡದು ಎಂದು ಕೇಳಿ. ಲೆನ್ಸ್‌ನ ಎಫ್ ಸಂಖ್ಯೆ ಕೇಳಿ. ಅಂಗಡಿಯ ಕತ್ತಲ ಮೂಲೆಯಲ್ಲಿ ಒಂದು ಫೋಟೋ ತೆಗೆದು, ಹಿಗ್ಗಿಸಿ ನೋಡಿ. ಹಣ ಉಳಿದರೆ ಹೊಸ ಬಾಡಿಗಿಂತ ಒಳ್ಳೆಯ ಲೆನ್ಸ್‌ಗೆ ಹಾಕಿ.

ಬೆಳಕಿನ ವಿವರ್ತನೆಯ ಪ್ರಶ್ನೆಗೆ ಪರೀಕ್ಷೆಯಲ್ಲಿ ನನಗೆ ಪೂರ್ತಿ ಅಂಕ ಬಂದಿತ್ತು. ಅಂಗಡಿಯ ಕೌಂಟರ್ ಮುಂದೆ ಅದರ ಒಂದು ಸಾಲೂ ನೆನಪಾಗಲಿಲ್ಲ. ಇವತ್ತು ನಮ್ಮ ಮನೆಯ ಗೋಡೆಯ ಮೇಲಿರುವುದು ಆ 12 ಮೆಗಾಪಿಕ್ಸೆಲ್‌ನ ಅಜ್ಜಿ.