ಆರು ತಿಂಗಳ ದ್ವೀಪ

ಮೆಡಿಟರೇನಿಯನ್ ಸಮುದ್ರದ ನಡುವಣ ಮಾಲ್ಟಾ ದ್ವೀಪವನ್ನು ಫಿನೀಷಿಯನ್ನರು, ರೋಮನ್ನರು, ಅರಬರು, ನಾರ್ಮನ್ನರು ಒಬ್ಬರಾದ ಮೇಲೊಬ್ಬರು ಆಳಿದರು. 1798ರ ಜೂನ್ ತಿಂಗಳಲ್ಲಿ ಈಜಿಪ್ಟಿನ ದಂಡಯಾತ್ರೆಗೆ ಹೊರಟಿದ್ದ ನೆಪೋಲಿಯನ್ನನು ಅದನ್ನು ದಾರಿಯಲ್ಲಿಯೇ ವಶಪಡಿಸಿಕೊಂಡನು. 1800ರಲ್ಲಿ ಅದು ಆಂಗ್ಲರ ಪಾಲಾಯಿತು. ಈ ಎರಡು ವರ್ಷಗಳ ನಡುವೆ, ಅದೇ ಫ್ರೆಂಚರ ಭೀತಿಯನ್ನು ಮುಂದೊಡ್ಡಿ, ಆಂಗ್ಲರು ಕನ್ನಡ ನಾಡಿನ ದ್ವೀಪವೊಂದನ್ನೂ ಗೆದ್ದುಕೊಂಡರು. ಅದೇ ಶ್ರೀರಂಗಪಟ್ಟಣ.

ಮಾಲ್ಟಾಕ್ಕೆ ಕಡಲೇ ಕಂದಕ, ಅದು ಬತ್ತುವಂತಹುದಲ್ಲ. ಶ್ರೀರಂಗಪಟ್ಟಣಕ್ಕಾದರೋ ಕಾವೇರಿಯದೇ ಕಾವಲು. ಮುಂಗಾರಿನಲ್ಲಿ ಹೊಳೆ ತುಂಬಿ ಬಂದಾಗ ಅದು ದುರ್ಗಮವಾದ ದ್ವೀಪ. ಬೇಸಗೆಯಲ್ಲಿ ಬಂಡೆಗಳು ತಲೆಯೆತ್ತಿದವೆಂದರೆ ಅದೇ ಹೊಳೆ ಹಗೆಗೆ ಹಾದಿ. ಈ ಪಟ್ಟಣದ ಏಳುಬೀಳಿನ ಗುಟ್ಟು ಬಹುಮಟ್ಟಿಗೆ ಈ ನೀರಿನಲ್ಲಿಯೇ ಅಡಗಿದೆ.

ಗಂಗರ ಕಾಲದಲ್ಲಿ, 894ರಲ್ಲಿ, ತಿರುಮಲಯ್ಯನೆಂಬಾತನು ಇಲ್ಲಿ ರಂಗನಾಥನ ಗುಡಿಯನ್ನು ಕಟ್ಟಿಸಿದನೆಂದು ಹೇಳುತ್ತಾರೆ. 1454ರಲ್ಲಿ ತಿಮ್ಮಣ್ಣನು ಕೋಟೆಯನ್ನು ಎಬ್ಬಿಸಿದನು. ಅದಕ್ಕೆ ಕಲಸವಾಡಿಯ ಬಸದಿಗಳ ಕಲ್ಲುಗಳನ್ನು ತಂದರೆಂದು ಪ್ರತೀತಿ. ಮುಂದೆ ವಿಜಯನಗರದ ನರಸನಾಯಕನು ತುಂಬಿ ಹರಿಯುತ್ತಿದ್ದ ಕಾವೇರಿಗೇ ಕಟ್ಟೆ ಹಾಕಿ ಪಟ್ಟಣವನ್ನು ಹಿಡಿದನೆಂದು ಆತನ ಮಗ ಕೃಷ್ಣದೇವರಾಯನ ಶಾಸನಗಳು ಕೊಂಡಾಡುತ್ತವೆ. 1610ರಲ್ಲಿ ರಾಜ ಒಡೆಯರು ಇದನ್ನು ವಿಜಯನಗರದ ಪ್ರತಿನಿಧಿಯಿಂದ ಪಡೆದು ತಮ್ಮ ರಾಜಧಾನಿಯಾಗಿ ಮಾಡಿಕೊಂಡರು. ಬಿಜಾಪುರದ ರಣದುಲ್ಲಾ ಖಾನನು ಮುತ್ತಿದಾಗ ರಣಧೀರ ಕಂಠೀರವ ನರಸರಾಜ ಒಡೆಯರು ಅವನನ್ನು ಹಿಮ್ಮೆಟ್ಟಿಸಿದರು. 1761ರಲ್ಲಿ ಅಧಿಕಾರವು ಹೈದರ್ ಅಲಿಯ ಕೈಸೇರಿತು. 

1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನು ಟಿಪ್ಪುವಿನ ಸೈನ್ಯವನ್ನು ಸೋಲಿಸಿ ಪಟ್ಟಣದ ಹತ್ತಿರಕ್ಕೆ ಬಂದನು. ಆದರೆ ಮಳೆ ಹಿಡಿಯಿತು, ದವಸ ತೀರಿತು, ಎತ್ತುಗಳು ಸತ್ತವು. ಭಾರಿ ಫಿರಂಗಿಗಳನ್ನು ತಾನೇ ಹಾಳುಗೆಡವಿ ಆತನು ಹಿಂದಿರುಗಿದನು. ಪಾಠವನ್ನು ಮರೆಯಲಿಲ್ಲ; ಮುಂದಿನ ಬಾರಿ ಬಂದುದು ಫೆಬ್ರವರಿಯಲ್ಲಿ. 1792ರ ಒಪ್ಪಂದದಿಂದ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ತೆರಬೇಕಾಯಿತು. ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕಳುಹಿಸಬೇಕಾಯಿತು. 1799ರಲ್ಲಿ ಜನರಲ್ ಹ್ಯಾರಿಸನ ದಂಡಿಗೂ ಅನ್ನದ ಅಭಾವ ತಲೆದೋರಿತ್ತು. ಹೊಳೆ ತುಂಬುವ ತನಕ ಕೋಟೆ ತಡೆದಿದ್ದರೆ ಅವನಿಗೂ ಹಿಂದಿರುಗುವ ಗತಿಯೇ ಒದಗುತ್ತಿತ್ತೇನೋ! ಮೇ 4ರ ಮಧ್ಯಾಹ್ನ, ಆಳವಿಲ್ಲದ ನೀರನ್ನು ದಾಟಿ, ಒಡೆದ ಗೋಡೆಯನ್ನೇರಿ ಆಂಗ್ಲರು ಒಳನುಗ್ಗಿದರು. ಟಿಪ್ಪು ಹೋರಾಡುತ್ತಲೇ ಮಡಿದನು. ಮುಂಗಾರಿಗೆ ಕೆಲವೇ ವಾರಗಳಿದ್ದವು.

ಗೆದ್ದವರಾದರೂ ಸುಖಪಟ್ಟರೆ? ರಾಜಧಾನಿ ಮೈಸೂರಿಗೆ ಹೋಯಿತು. ದ್ವೀಪ ಆಂಗ್ಲರಲ್ಲಿ ಉಳಿಯಿತು. ಶತ್ರುವಿನ ಫಿರಂಗಿಗೆ ಬಗ್ಗದ ಸಿಪಾಯಿಗಳು ಇಲ್ಲಿಯ ಚಳಿಜ್ವರಕ್ಕೆ ಬಲಿಯಾಗತೊಡಗಿದರು. ಕೊನೆಗೆ 1809ರಲ್ಲಿ ದಂಡು ಬೆಂಗಳೂರಿಗೆ ಸ್ಥಳಾಂತರಗೊಂಡಿತು. ಬೆಂಗಳೂರಿನ ದಂಡುಪ್ರದೇಶ ಬೆಳೆದುದಕ್ಕೆ ಶ್ರೀರಂಗಪಟ್ಟಣದ ಸೊಳ್ಳೆಯೂ ಒಂದು ಕಾರಣ! 1881ರಲ್ಲಿ ಆ ದಂಡುಪ್ರದೇಶಕ್ಕೆ ಬದಲಾಗಿ ಆಂಗ್ಲರು ದ್ವೀಪವನ್ನು ಮೈಸೂರಿಗೆ ಬಿಟ್ಟುಕೊಟ್ಟರು. ಅಷ್ಟೊಂದು ರಕ್ತಕ್ಕೆ ಕೊಂಡ ನೆಲ ಒಂದು ವಿನಿಮಯದ ಕಾಗದದಲ್ಲಿ ಮರಳಿ ಬಂದಿತು.

ಮಾಲ್ಟಾ 1964ರಲ್ಲಿ ಸ್ವತಂತ್ರವಾಯಿತು. ಆಳಿದವರ ನುಡಿ ಅಲ್ಲಿಯ ಜನರ ಬಾಯಿಯಲ್ಲಿ ಇಂದಿಗೂ ಉಳಿದಿದೆ. ಮಾಲ್ಟೀ ಭಾಷೆ ಅರಬ್ಬಿಯ ಸಂತತಿ. ಶ್ರೀರಂಗಪಟ್ಟಣದಲ್ಲಿ ಆಳಿದವರ ಗುರುತು ಉಳಿದಿರುವುದು ಕಲ್ಲುಗಾರೆಯಲ್ಲಿ: ತಿಮ್ಮಣ್ಣನ ಕೋಟೆ, ಟಿಪ್ಪುವಿನ ಮಸೀದಿ, ಆಂಗ್ಲರ ಸ್ಮಶಾನ. ದರಿಯಾ ದೌಲತ್ತಿನ ಗೋಡೆಯ ಮೇಲೆ 1780ರಲ್ಲಿ ಆಂಗ್ಲರು ಸೋತ ಕದನದ ಚಿತ್ರವಿದೆ. ಮಾಸಿದ ಅದಕ್ಕೆ ಹೊಸದಾಗಿ ಬಣ್ಣ ಹಾಕಿಸಿದವನು ಆಂಗ್ಲ ಗವರ್ನರ್ ಜನರಲ್ ಡಾಲ್‌ಹೌಸಿಯೇ. ರಂಗನಾಥನ ಗುಡಿಯಲ್ಲಿ ಟಿಪ್ಪು ಒಪ್ಪಿಸಿದ ಬೆಳ್ಳಿಯ ಪಾತ್ರೆಗಳಿವೆ.

ಕಾವೇರಿಯ ನೀರನ್ನು ಈಗ ಮೇಲುಗಡೆಯ ಕನ್ನಂಬಾಡಿ ಕಟ್ಟೆ ಅಳೆದು ಬಿಡುತ್ತದೆ. ಕೋಟೆಗೆ ಕಾವಲೂ ಬೇಡ, ಹೊಳೆಗೆ ಹಗೆಯೂ ಇಲ್ಲ. ಬಂದವರೆಲ್ಲರೂ ಎದ್ದು ಹೋದರು. ಪವಡಿಸಿದ ರಂಗನಾಥನೊಬ್ಬನು ಮಾತ್ರ ಹಾಗೆಯೇ ಇದ್ದಾನೆ.